14 ದಿನಕ್ಕೆ ಅಳಿಸಿಹೋಗುವ ಲೆಕ್ಕ: ನಮ್ಮ ಭಾಗದ ಕಂಪ್ಯೂಟರ್ ವಿಭಾಗಗಳಿಗೆ ಒಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಇಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೆ, ಮೇಷ್ಟ್ರುಗಳಿಗೆ, ಮತ್ತು ಓಪನ್ ಸೋರ್ಸ್ ಕೆಲಸಕ್ಕೆ ನೆರವು ಕೊಡುವ ಸಮಿತಿಗಳ ಹಿರಿಯರಿಗೆ,

ನಮಸ್ಕಾರ.

ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಪ್ರೋಗ್ರಾಮರ್. ಹಗಲು ಕಂಪನಿ ಕೆಲಸ. ರಾತ್ರಿ ಮತ್ತು ಭಾನುವಾರ ಒಂದು ಸಣ್ಣ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ಬದಲಿಸಬಹುದಾದ) ತಂತ್ರಾಂಶ ನೋಡಿಕೊಳ್ಳುತ್ತೇನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್‌ಗೆ ಬದಲಿಸುವುದು ಅದರ ಕೆಲಸ. ಕೇಳೋಕೆ ಸಣ್ಣದು, ಮಾಡಲು ಕೂತರೆ ಗೊತ್ತಾಗುತ್ತದೆ. ‘ಧರ್ಮ’ ಎಂಬ ಒಂದು ಪದ ತೆಗೆದುಕೊಳ್ಳಿ. ಹಳೆಯ ಫಾಂಟಿನಲ್ಲಿ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು ಕೂರುತ್ತದೆ. ಕಣ್ಣಿಗೆ ಕಾಣುವ ಕ್ರಮ ಅದು. ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮ ಬೇಕು. ರ್ ಮುಂದೆ ಬರಬೇಕು, ಮ ಅದರ ಹಿಂದೆ. ಈ ಅರ್ಕಾವತ್ತನ್ನು ಹಿಡಿದು ಅದರ ಜಾಗದಲ್ಲಿ ಕೂರಿಸಲು ನಾನು ಎಷ್ಟೋ ಭಾನುವಾರ ಕೊಟ್ಟಿದ್ದೇನೆ. ಕೊಟ್ಟಿದ್ದಕ್ಕೆ ಬೇಸರವಿಲ್ಲ.

ಈ ಪತ್ರ ಬರೆಯಲು ಕಾರಣ ಬೇರೆ: ಇಂಥ ತಂತ್ರಾಂಶವನ್ನು ಎಷ್ಟು ಜನ ಬಳಸುತ್ತಾರೆ ಎಂಬ ಲೆಕ್ಕ ಬರೆದಿಡದಿದ್ದರೆ ಉಳಿಯುವುದಿಲ್ಲ. ಎರಡು ವರ್ಷದ ಹಿಂದಿನ ಮಾತು. ಈ ಕೆಲಸಕ್ಕೆ ಒಂದಿಷ್ಟು ನೆರವು ಸಿಗಬಹುದು ಎಂದು ಒಂದು ಸಮಿತಿಗೆ ಅರ್ಜಿ ಹಾಕಿದ್ದೆ. ಅವರು ಕರೆದು ಕೂರಿಸಿ ಚಹಾ ಕೊಟ್ಟು ಮಾತಾಡಿಸಿದರು. ಕೋಡ್ ನೋಡಿದರು, ಮೆಚ್ಚಿದರು. ಆಮೇಲೆ ಒಬ್ಬ ಹಿರಿಯರು ಒಂದೇ ಪ್ರಶ್ನೆ ಕೇಳಿದರು. “ಇದನ್ನ ಎಷ್ಟ ಮಂದಿ ಬಳಸ್ತಾರ್ರೀ? ವರ್ಷದಿಂದ ವರ್ಷಕ್ಕ ಜಾಸ್ತಿ ಆಗ್ಯಾರೋ, ಕಡಿಮಿ ಆಗ್ಯಾರೋ?”

ನಾನು ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ, ಪ್ರೋಗ್ರಾಮರುಗಳು ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಟ್ರಾಫಿಕ್ ಪುಟ, ಅಂದರೆ ಎಷ್ಟು ಜನ ಬಂದು ನೋಡಿದರು ಎಂದು ತೋರಿಸುವ ಪುಟ ತೆರೆದೆ. ಅಲ್ಲಿದ್ದದ್ದು 14 ದಿನದ ಗೆರೆ. ಅದು ನೆಲಕ್ಕೆ ಅಂಟಿಕೊಂಡಿತ್ತು. ಅಷ್ಟು ಹೊತ್ತಿಗೆ ನಾನು ಈ ತಂತ್ರಾಂಶಕ್ಕೆ ಮೂರು ವರ್ಷ ದುಡಿದಿದ್ದೆ. ತೋರಿಸಲು ಇದ್ದದ್ದು ಆ 14 ದಿನ ಮಾತ್ರ. ಅರ್ಜಿ ವಾಪಸ್ ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಣ ಕೊಡುವವರು ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ನನ್ನ ಹತ್ತಿರ ಇರಬೇಕಿತ್ತು.

ಇದು ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಿಟ್‌ಹಬ್‌ನಲ್ಲಿ ಒಂದು ಪ್ರಾಜೆಕ್ಟ್ ಇಟ್ಟರೆ, ಅದರ ಪುಟವನ್ನು ದಿನಕ್ಕೆ ಎಷ್ಟು ಸಲ ನೋಡಿದರು, ಎಷ್ಟು ಬೇರೆ ಬೇರೆ ಜನ ನೋಡಿದರು, ಎಷ್ಟು ಸಲ ಕ್ಲೋನ್ ಮಾಡಿದರು (ಕೋಡಿನ ಪೂರ್ತಿ ಪ್ರತಿ ಇಳಿಸಿಕೊಂಡರು) ಎಂಬುದು ಸಿಗುತ್ತದೆ. ಯಾವ ತಾಣದಿಂದ ಜಾಸ್ತಿ ಜನ ಬಂದರು, ಯಾವ ಪುಟ ಜಾಸ್ತಿ ನೋಡಿದರು ಎಂಬುದರ ಮೊದಲ ಹತ್ತು ಹೆಸರೂ ಸಿಗುತ್ತವೆ. 2014ರಲ್ಲಿ ಈ ಗ್ರಾಫ್ ಬಂತು. 2016ರಲ್ಲಿ ಇದನ್ನೇ ಪ್ರೋಗ್ರಾಂ ಬರೆದು ಎಪಿಐ (ಪ್ರೋಗ್ರಾಂ ನೇರವಾಗಿ ಮಾಹಿತಿ ಕೇಳುವ ಬಾಗಿಲು) ಮೂಲಕ ತೆಗೆದುಕೊಳ್ಳಲು ದಾರಿಯಾಯಿತು. ಆದರೆ ಎಲ್ಲವೂ ಹಿಂದಿನ 14 ದಿನದ್ದು. 15ನೇ ದಿನ ಹಿಂದೆ ಹೋದರೆ ಏನೂ ಇಲ್ಲ. ಅದೂ ಪ್ರಾಜೆಕ್ಟ್‌ಗೆ ಕೋಡ್ ಸೇರಿಸುವ ಹಕ್ಕು ಇರುವವರಿಗೆ ಮಾತ್ರ ಕಾಣುತ್ತದೆ. ಅಂದರೆ ನಾನು ಬರೆದಿಡದಿದ್ದರೆ ನನ್ನ ಪರವಾಗಿ ಹೊರಗಿನ ಇನ್ನೊಬ್ಬರು ಬರೆದಿಡಲೂ ಆಗುವುದಿಲ್ಲ.

ಇದನ್ನು ತಿಳಿದ ದಿನ ನನಗೆ ನೆನಪಾದದ್ದು ನಮ್ಮ ಕಾಕಾ. ಕುಂದಗೋಳ ತಾಲ್ಲೂಕಿನ ನಮ್ಮ ಊರಿನಲ್ಲಿ ಅವರು ಮಳೆಮಾಪಕ ನೋಡಿಕೊಳ್ಳುತ್ತಿದ್ದರು. ಬೆಳಗ್ಗೆ 8:30ಕ್ಕೆ ಸರಿಯಾಗಿ ಹೋಗಿ ಮುಚ್ಚಳ ತೆಗೆದು, ಒಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಿದ್ದರು. ರಿಜಿಸ್ಟರಿನಲ್ಲಿ ಮಿಲಿಮೀಟರ್ ಬರೆದು, ನೀರು ಚೆಲ್ಲಿ, ಮತ್ತೆ ಮುಚ್ಚುತ್ತಿದ್ದರು. ನಾನು ಸಣ್ಣವನಿದ್ದಾಗ ಒಂದು ದಿನ, ಮಳೆಯೇ ಬಂದಿಲ್ಲವಲ್ಲ, ಸುಮ್ನೆ ಯಾಕೆ ಹೋಗುತ್ತೀರಿ ಎಂದು ಕೇಳಿದೆ. ಅವರು, “ಮಳಿ ಇಲ್ಲಂದ್ರ ಸೊನ್ನಿ ಅಂತ ಬರೀಬೇಕು ತಮ್ಮಾ. ನಾ ಹೋಗಲಿಲ್ಲಂದ್ರ ಅಲ್ಲಿ ಗೆರಿ ಎಳೀಬೇಕು. ಸೊನ್ನಿನ ಬ್ಯಾರೆ, ಗೆರಿನ ಬ್ಯಾರೆ,” ಎಂದಿದ್ದರು. ಈ ಮಾತು ನನಗೆ ಮುಂದೆ ಬಹಳ ಉಪಯೋಗಕ್ಕೆ ಬಂತು, ಹೇಳುತ್ತೇನೆ.

ಗಿಟ್‌ಹಬ್‌ನ ಟ್ರಾಫಿಕ್ ಲೆಕ್ಕ ಈ ಮಳೆಮಾಪಕದ ಹಾಗೆ. ಓದಿ ಬರೆಯದಿದ್ದರೆ ಚೆಲ್ಲಿಹೋಗುತ್ತದೆ. ಇನ್ನೊಂದು ಬಗೆಯ ಲೆಕ್ಕವೂ ಇದೆ, ಅದು ಹೆಸ್ಕಾಂ ಮೀಟರಿನ ಹಾಗೆ. ಹೊಸ ಆವೃತ್ತಿ ಬಿಡುಗಡೆ ಮಾಡಿದಾಗ ಅದರ ಜೊತೆ ಇಡುವ ಫೈಲುಗಳಿಗೆ ಒಂದು ಡೌನ್‌ಲೋಡ್ ಸಂಖ್ಯೆ ಇರುತ್ತದೆ. ಅದು ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಆದರೆ ಯಾವ ತಿಂಗಳು ಎಷ್ಟು ಎಂದು ಅದು ಹೇಳುವುದಿಲ್ಲ. ಮೀಟರ್ ರೀಡರ್ ತಿಂಗಳಿಗೊಮ್ಮೆ ಬಂದು ಈ ಸಲದ ರೀಡಿಂಗ್‌ನಲ್ಲಿ ಹಿಂದಿನದು ಕಳೆಯುತ್ತಾರಲ್ಲ, ಹಾಗೆ ನಾವೇ ಆಗಾಗ ರೀಡಿಂಗ್ ತೆಗೆದು ಕಳೆಯಬೇಕು. ಇಲ್ಲೂ ಒಂದು ಅಪಾಯ ಇದೆ. ಫೈಲಿನಲ್ಲಿ ತಪ್ಪಿದೆ ಎಂದು ಅದನ್ನು ಅಳಿಸಿ ಮತ್ತೆ ಏರಿಸಿದರೆ ಮೀಟರ್ ಸೊನ್ನೆಗೆ ಬರುತ್ತದೆ. ಹಳೆಯ ಸಂಖ್ಯೆ ಎಲ್ಲೂ ಸಿಗದು. ನಾನು ಎರಡು ಸಲ ಹಾಗೆ ಮಾಡಿದ್ದೇನೆ.

ಎಲ್ಲ ಕಡೆ ಹೀಗೇ ಇದೆ ಎಂದಲ್ಲ. ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಭಂಡಾರದಲ್ಲಿ ಇಟ್ಟ ಪ್ಯಾಕೇಜ್‌ಗಳ (ಬೇರೆಯವರು ನೇರವಾಗಿ ಬಳಸುವಂತೆ ಕಟ್ಟಿಟ್ಟ ಕೋಡ್) ದಿನದಿನದ ಡೌನ್‌ಲೋಡ್ ಲೆಕ್ಕ 2015ರ ಜನವರಿಯಿಂದ ಈಗಲೂ ಸಿಗುತ್ತದೆ. ಪೈಥಾನ್ ಪ್ಯಾಕೇಜ್‌ಗಳ ಡೌನ್‌ಲೋಡ್ ದಾಖಲೆ ಗೂಗಲ್‌ನ ಬಿಗ್‌ಕ್ವೆರಿ ಎಂಬ ಡೇಟಾ ಭಂಡಾರದಲ್ಲಿ ಸಾರ್ವಜನಿಕವಾಗಿ ಇದೆ, ಯಾರು ಬೇಕಾದರೂ ಹುಡುಕಬಹುದು. ಅದನ್ನೇ ಸುಲಭವಾಗಿ ತೋರಿಸುವ ಪೈಪಿಐಸ್ಟ್ಯಾಟ್ಸ್ ತಾಣದಲ್ಲಿ 180 ದಿನದ್ದು ಸಿಗುತ್ತದೆ. ಅಲ್ಲೆಲ್ಲ ಬೇರೆಯವರು ನಮಗಾಗಿ ರಿಜಿಸ್ಟರ್ ಇಟ್ಟಿದ್ದಾರೆ. ಆದರೆ ನಮ್ಮ ಹುಡುಗರು ಮಾಡುವ ಪ್ರಾಜೆಕ್ಟ್‌ಗಳಲ್ಲಿ ಬಹುಪಾಲು ಪ್ಯಾಕೇಜ್ ಆಗುವುದೇ ಇಲ್ಲ. ಕೋಡ್ ಗಿಟ್‌ಹಬ್‌ನಲ್ಲಿ ಇರುತ್ತದೆ, ಅಷ್ಟೇ. ಲೆಕ್ಕವೂ 14 ದಿನ, ಅಷ್ಟೇ.

ಅರ್ಜಿ ವಾಪಸ್ ಬಂದ ವಾರವೇ ನಾನು ರಿಜಿಸ್ಟರ್ ಶುರು ಮಾಡಿದೆ. ಅದು ಎಕ್ಸೆಲ್‌ನಲ್ಲೂ ತೆರೆಯಬಹುದಾದ ಒಂದು ಸಾದಾ ಸಿಎಸ್‌ವಿ ಫೈಲು. ದಿನಕ್ಕೊಂದು ಸಾಲು. ತಾರೀಖು, ನೋಟ, ನೋಡಿದವರು, ಕ್ಲೋನ್, ಕ್ಲೋನ್ ಮಾಡಿದವರು. ಇನ್ನೊಂದು ಫೈಲಿನಲ್ಲಿ ಡೌನ್‌ಲೋಡ್ ಮೀಟರ್ ರೀಡಿಂಗ್. ಗಿಟ್‌ಹಬ್‌ನ ದಿನ ಯುಟಿಸಿ (ಜಾಗತಿಕ ಸಮಯ) ಪ್ರಕಾರ ಮುಗಿಯುತ್ತದೆ. ಅದು ನಮ್ಮಲ್ಲಿ ಬೆಳಗಿನ 5:30. ಅದಕ್ಕೆ ಮುಂಚೆ ಓದಿದರೆ ಕೊನೆಯ ದಿನದ ಸಂಖ್ಯೆ ಅರ್ಧಂಬರ್ಧ ಇರುತ್ತದೆ. ಹಾಗಾಗಿ ಲೆಕ್ಕ ತರುವ ನನ್ನ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಬೆಳಗ್ಗೆ 6:15ಕ್ಕೆ ಓಡುತ್ತದೆ. ಪ್ರತಿದಿನ ಪೂರ್ತಿ 14 ದಿನದ್ದನ್ನೂ ತರುತ್ತದೆ. ತಾರೀಖು ನೋಡಿ, ಸಾಲು ಇಲ್ಲದಿದ್ದರೆ ಸೇರಿಸುತ್ತದೆ, ಇದ್ದರೆ ಹೊಸ ಸಂಖ್ಯೆಯಿಂದ ತಿದ್ದುತ್ತದೆ. ಹೀಗೆ ಮಾಡಿದರೆ ಒಂದೆರಡು ದಿನ ಕರೆಂಟ್ ಹೋದರೂ, ನೆಟ್ ಕೈಕೊಟ್ಟರೂ ಚಿಂತೆ ಇಲ್ಲ. ಮಾರನೇ ದಿನ ತುಂಬಿಕೊಳ್ಳುತ್ತದೆ.

ಎರಡು ವಾರ ಮೀರಿದರೆ ಮಾತ್ರ ತುಂಬಿಕೊಳ್ಳದು. ಮೊದಲ ವರ್ಷವೇ ಅದೂ ಆಯಿತು. ಟ್ರಾಫಿಕ್ ಓದಲು ಗಿಟ್‌ಹಬ್ ಆ್ಯಕ್ಷನ್ಸ್ (ಹೇಳಿದ ಹೊತ್ತಿಗೆ ನಮ್ಮ ಪ್ರೋಗ್ರಾಂ ಓಡಿಸುವ ಅವರ ಸೇವೆ) ತಾನಾಗಿ ಕೊಡುವ ಟೋಕನ್, ಅಂದರೆ ಒಳಗೆ ಹೋಗುವ ಕೀಲಿ, ಸಾಲುವುದಿಲ್ಲ. ಬೇರೆ ಟೋಕನ್ ಮಾಡಿ ಗುಟ್ಟಾಗಿ ಇಡಬೇಕು. ನಾನು ಮಾಡಿದ್ದ ಟೋಕನ್‌ನ ಅವಧಿ ಮುಗಿದಿತ್ತು. ಮನೆಯಲ್ಲಿ ತಂಗಿಯ ಮದುವೆ. ಮೇಲ್ ನೋಡಿರಲಿಲ್ಲ. ನೋಡುವ ಹೊತ್ತಿಗೆ 23 ದಿನ ಆಗಿತ್ತು. ಹೊಸ ಟೋಕನ್ ಹಾಕಿದೆ, 14 ದಿನದ್ದು ವಾಪಸ್ ಬಂತು, 9 ದಿನದ್ದು ಹೋಯಿತು. ನಾನು ಬರೆದ ಸ್ಕ್ರಿಪ್ಟ್ ಆ 9 ದಿನಕ್ಕೆ ಸೊನ್ನೆ ತುಂಬಿತ್ತು. ಗ್ರಾಫ್‌ನಲ್ಲಿ ನೋಡಿದರೆ ಆ ದಿನಗಳಲ್ಲಿ ಒಬ್ಬರೂ ಬಂದಿಲ್ಲ ಎಂದು ಕಾಣುತ್ತಿತ್ತು. ಆಗ ಕಾಕಾನ ಮಾತು ನೆನಪಾಯಿತು. ಆ 9 ಸೊನ್ನೆ ಅಳಿಸಿ ಖಾಲಿ ಬಿಟ್ಟೆ. ಈಗ ಗ್ರಾಫ್‌ನಲ್ಲಿ ಆ ಜಾಗ ತುಂಡಾಗಿ ಕಾಣುತ್ತದೆ. ಹಾಗೇ ಕಾಣಬೇಕು.

ಇನ್ನೊಂದು ಎಚ್ಚರಿಕೆ. ಸಾರ್ವಜನಿಕ ರೆಪೊಸಿಟರಿಯಲ್ಲಿ (ಪ್ರಾಜೆಕ್ಟಿನ ಕೋಡ್ ಇಡುವ ಜಾಗ) 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ವೇಳಾಪಟ್ಟಿಯಂತೆ ಓಡುವ ಆ್ಯಕ್ಷನ್ಸ್ ಕೆಲಸವನ್ನು ಗಿಟ್‌ಹಬ್ ತಾನೇ ನಿಲ್ಲಿಸುತ್ತದೆ. ಸೆಮಿಸ್ಟರ್ ಮುಗಿದ ಮೇಲೆ ಹುಡುಗರ ಪ್ರಾಜೆಕ್ಟ್‌ಗಳಲ್ಲಿ ಚಟುವಟಿಕೆ ಎಲ್ಲಿಂದ ಬರಬೇಕು? ಹಾಗಾಗಿ ಈ ಕೆಲಸವನ್ನು ಒಬ್ಬ ವಿದ್ಯಾರ್ಥಿಯ ಖಾತೆಗೆ ಕಟ್ಟಿಹಾಕಿದರೆ ಉಳಿಯುವುದಿಲ್ಲ. ವಿಭಾಗದ ಒಂದು ಕಂಪ್ಯೂಟರ್‌ನಲ್ಲಿ, ವಿಭಾಗದ ಹೆಸರಿನಲ್ಲಿ ಓಡಬೇಕು. ನಿಮಗೆ ಬರೆಯುತ್ತಿರುವುದೂ ಇದಕ್ಕೇ.

ಎರಡು ವರ್ಷದ ರಿಜಿಸ್ಟರ್ ನನಗೆ ಏನು ಹೇಳಿತು ಗೊತ್ತಾ? ನಾನು ಸಮಿತಿ ಮುಂದೆ ಕೂತಿದ್ದು ಆಷಾಢದಲ್ಲಿ. ನನ್ನ ತಂತ್ರಾಂಶ ಬಳಸುವವರಲ್ಲಿ ಜಾಸ್ತಿ ಜನ ಡಿಟಿಪಿ ಅಂಗಡಿಯವರು, ಪ್ರಿಂಟಿಂಗ್ ಪ್ರೆಸ್‌ನವರು. ಆಷಾಢದಲ್ಲಿ ಮದುವೆ ಇಲ್ಲ, ಲಗ್ನಪತ್ರಿಕೆ ಇಲ್ಲ. ಪ್ರೆಸ್‌ಗಳಲ್ಲಿ ಕೆಲಸ ಕಡಿಮೆ. ನನ್ನ ಗೆರೆಯೂ ಮಲಗುತ್ತದೆ. ಶ್ರಾವಣ ಬಂದರೆ ಏಳುತ್ತದೆ. ಅಕ್ಟೋಬರ್ ಕೊನೆಗೆ ರಾಜ್ಯೋತ್ಸವದ ಆಹ್ವಾನ ಪತ್ರಿಕೆ, ಸಂಚಿಕೆಗಳ ಕೆಲಸ ಶುರುವಾದಾಗ ವರ್ಷದ ಎತ್ತರಕ್ಕೆ ಹೋಗುತ್ತದೆ. ಒಂದು ಆಷಾಢ ನೋಡಿ ಇದನ್ನು ಹೇಳಲು ಆಗುತ್ತಿರಲಿಲ್ಲ. ಎರಡನೇ ಆಷಾಢದಲ್ಲೂ ಅದೇ ಜಾಗದಲ್ಲಿ ಗೆರೆ ಬಗ್ಗಿದಾಗ ನನಗೆ ಖಾತ್ರಿಯಾಯಿತು. ಅದಕ್ಕಿಂತ ಮುಖ್ಯ, ಎರಡನೇ ಆಷಾಢದ ತಗ್ಗು ಮೊದಲನೆಯದಕ್ಕಿಂತ ಮೇಲಿತ್ತು. ಬಳಸುವವರು ಜಾಸ್ತಿ ಆಗಿದ್ದಾರೆ. ಆ ಹಿರಿಯರ ಪ್ರಶ್ನೆಗೆ ಉತ್ತರ ಇದೇ ಆಗಿತ್ತು. ಎರಡು ವರ್ಷ ತಡವಾಗಿ ಸಿಕ್ಕಿತು.

ಸಂಖ್ಯೆ ಸಿಕ್ಕಿತು ಎಂದು ಕಣ್ಣು ಮುಚ್ಚಿ ನಂಬಬಾರದು. ಇದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿ ಎಂದು ಕೇಳಿಕೊಳ್ಳುತ್ತೇನೆ. ದಿನಕ್ಕೆ ಎಷ್ಟು ಬೇರೆ ಬೇರೆ ಜನ ಬಂದರು ಎಂಬ ಸಂಖ್ಯೆಯನ್ನು ಮೂವತ್ತು ದಿನ ಕೂಡಿಸಿ, ತಿಂಗಳಿಗೆ ಇಷ್ಟು ಜನ ಎಂದು ಬರೆಯುವುದನ್ನು ನಾನು ಎಷ್ಟೋ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ನೋಡಿದ್ದೇನೆ. ಅದು ತಪ್ಪು. ಮಿರ್ಚಿ ಗಾಡಿಗೆ ದಿನಾ ಸಂಜೆ ಅದೇ ಹತ್ತು ಜನ ಬಂದರೆ ಮೂವತ್ತು ದಿನದಲ್ಲಿ ಗಿರಾಕಿಗಳು ಹತ್ತೇ, ಮುನ್ನೂರು ಅಲ್ಲ. ಗಿಟ್‌ಹಬ್ 14 ದಿನಕ್ಕೆ ಒಟ್ಟಾರೆ ಎಷ್ಟು ಬೇರೆ ಜನ ಎಂಬುದನ್ನು ಪ್ರತ್ಯೇಕವಾಗಿ ಕೊಡುತ್ತದೆ. ಅದು ದಿನದ ಸಂಖ್ಯೆಗಳ ಮೊತ್ತಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುವುದು ಇದೇ ಕಾರಣಕ್ಕೆ. ಅದನ್ನೂ ‘14 ದಿನದ ಒಟ್ಟು ಜನ’ ಎಂದು ಬೇರೆಯಾಗಿ ಬರೆದಿಡಬೇಕು. ನೋಟಗಳನ್ನು ಕೂಡಿಸಬಹುದು, ಜನರನ್ನು ಕೂಡಿಸಬಾರದು.

ಕ್ಲೋನ್ ಸಂಖ್ಯೆ ಇನ್ನೂ ಮೋಸ ಮಾಡುತ್ತದೆ. ಕೋಡ್ ಬದಲಾದಾಗಲೆಲ್ಲ ಅದನ್ನು ತಾನಾಗಿ ಪರೀಕ್ಷಿಸುವ ಯಂತ್ರಗಳು ಪ್ರತಿ ಸಲವೂ ಕ್ಲೋನ್ ಮಾಡುತ್ತವೆ. ನಾನು ಒಂದು ಶನಿವಾರ ಕೂತು ಹದಿನೈದು ಸಣ್ಣ ತಿದ್ದುಪಡಿ ಹಾಕಿದರೆ ಕ್ಲೋನ್ ಗೆರೆ ಚಿಮ್ಮುತ್ತದೆ. ಅಲ್ಲಿ ಬಂದವರು ಯಾರೂ ಇಲ್ಲ, ನನ್ನದೇ ಯಂತ್ರಗಳು. ಇದಕ್ಕಾಗಿ ನನ್ನ ರಿಜಿಸ್ಟರಿನಲ್ಲಿ ಕೊನೆಗೆ ಒಂದು ಟಿಪ್ಪಣಿ ಕಾಲಂ ಇಟ್ಟಿದ್ದೇನೆ. ಹೊಸ ಆವೃತ್ತಿ ಬಿಟ್ಟ ದಿನ, ಪತ್ರಿಕೆಯಲ್ಲಿ ಹೆಸರು ಬಂದ ದಿನ, ಯಾವುದೋ ಕಾಲೇಜಿನಲ್ಲಿ ಕಾರ್ಯಾಗಾರ ನಡೆದ ದಿನ, ಎಲ್ಲ ಅಲ್ಲಿ ಬರೆಯುತ್ತೇನೆ. ಆರು ತಿಂಗಳ ಮೇಲೆ ಗ್ರಾಫ್‌ನಲ್ಲಿ ಒಂದು ಗುಡ್ಡ ಕಂಡರೆ ಅದು ಯಾಕೆ ಎಂದು ತಲೆ ಕೆರೆದುಕೊಳ್ಳಬೇಕಿಲ್ಲ.

ಇನ್ನು ಸ್ಟಾರ್, ಅಂದರೆ ಪ್ರಾಜೆಕ್ಟ್ ಮೆಚ್ಚಿ ಗಿಟ್‌ಹಬ್‌ನಲ್ಲಿ ಒತ್ತುವ ಗುರುತು. ಸಮಿತಿಗಳಲ್ಲಿ ಕೂರುವ ಹಿರಿಯರೇ, ದಯವಿಟ್ಟು ಸ್ಟಾರ್ ನೋಡಿ ತೂಗಬೇಡಿ. ಒಂದು ಹಾಸ್ಟೆಲ್‌ನಲ್ಲಿ ಅರ್ಧ ಗಂಟೆ ತಿರುಗಿದರೆ ಐವತ್ತು ಸ್ಟಾರ್ ಬೀಳುತ್ತವೆ. ದುಡ್ಡಿಗೂ ಸಿಗುತ್ತವೆ. ಒಂದು ವರ್ಷದ ಗೆರೆಯನ್ನು ಹಾಗೆ ಒಂದು ರಾತ್ರಿಯಲ್ಲಿ ಮಾಡಲು ಬರುವುದಿಲ್ಲ.

ಸಂಖ್ಯೆ ಹೇಳದೇ ಇರುವುದೂ ಬಹಳ ಇದೆ. ಹೋದ ಚಳಿಗಾಲದಲ್ಲಿ ನಾನು ಹಳೆಯ ವಿಂಡೋಸ್ 7, 32 ಬಿಟ್ ಆವೃತ್ತಿಯನ್ನು ನಿಲ್ಲಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅದನ್ನು ನೋಡಿಕೊಳ್ಳಲು ತುಂಬ ಸಮಯ ಹೋಗುತ್ತಿತ್ತು. ಮೀಟರ್ ರೀಡಿಂಗ್ ಪ್ರಕಾರ ಅದರ ಡೌನ್‌ಲೋಡ್ ತಿಂಗಳಿಗೆ ಬೆರಳೆಣಿಕೆಯಷ್ಟು. ನಿಲ್ಲಿಸಿಬಿಡೋಣ ಅನ್ನಿಸಿತ್ತು. ಅದಕ್ಕೆ ಮುಂಚೆ ಒಂದು ಸಲ ಕಣ್ಣಾರೆ ನೋಡೋಣ ಎಂದು ಗದಗಕ್ಕೆ ಹೋದೆ. ಮುದ್ರಣ ಕಾಶಿ ಎಂದು ಹೆಸರಾದ ಊರು ಅಲ್ವಾ. ಬೆಟಗೇರಿ ಕಡೆ ಒಂದು ಸಣ್ಣ ಪ್ರೆಸ್. ಒಳಗೆ ಶಾಯಿಯ ವಾಸನೆ, ಗೋಡೆಗೆ ಒರಗಿಸಿಟ್ಟ ಪೇಪರ್ ರೀಮುಗಳು, ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ಹಳೆಯ ಕಂಪ್ಯೂಟರ್. ಮಾಲೀಕರು ಬಟ್ಟೆ ಸರಿಸಿ ಶುರು ಮಾಡಿದರು. ಪರದೆ ಮೇಲೆ ವಿಂಡೋಸ್ 7. ಅದರ ಪಕ್ಕದಲ್ಲಿ ನನ್ನ ತಂತ್ರಾಂಶದ ಐಕಾನ್.

ನನಗೆ ಮಾತೇ ಬರಲಿಲ್ಲ. ಎಲ್ಲಿಂದ ಡೌನ್‌ಲೋಡ್ ಮಾಡಿದಿರಿ ಎಂದು ಕೇಳಿದೆ. “ನಾ ಎಲ್ಲಿ ಡೌನ್‌ಲೋಡ್ ಮಾಡ್ಲೀ ತಮ್ಮಾ. ಬಾಜೂ ಅಂಗಡ್ಯಾಂವ ಪೆನ್‌ಡ್ರೈವ್‌ನ್ಯಾಗ ಕೊಟ್ಟಾನ. ಅಂವಗ ಇನ್ನೊಬ್ಬಾಂವ ಕೊಟ್ಟಾನ. ಈ ಓಣ್ಯಾಗ ಎಲ್ಲಾರ ಹಂತ್ಯಾಕೂ ಐತಿ,” ಎಂದರು. ಒಂದು ಡೌನ್‌ಲೋಡ್, ಒಂದು ಪೆನ್‌ಡ್ರೈವ್, ಇಡೀ ಓಣಿ. ನನ್ನ ಮೀಟರಿನಲ್ಲಿ ಅದು ಒಂದೇ. ಆ ಆವೃತ್ತಿಯನ್ನು ನಾನು ನಿಲ್ಲಿಸಲಿಲ್ಲ. ರಿಜಿಸ್ಟರಿನ ಟಿಪ್ಪಣಿ ಕಾಲಂನಲ್ಲಿ ಆ ದಿನದ ಮುಂದೆ ‘ಬೆಟಗೇರಿ, ಪೆನ್‌ಡ್ರೈವ್’ ಎಂದು ಬರೆದಿದ್ದೇನೆ.

ಹಾಗಾದರೆ ಸಂಖ್ಯೆ ಯಾಕೆ ಬೇಕು ಎಂದು ಕೇಳಬಹುದು. ಎಷ್ಟು ಎಂಬುದಕ್ಕಿಂತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಕ್ಕೆ ಬೇಕು. ತಪ್ಪಿರುವ ತಕ್ಕಡಿಯಾದರೂ ದಿನಾ ಅದೇ ತಕ್ಕಡಿಯಲ್ಲಿ ತೂಗಿದರೆ ಮಗು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಅದಕ್ಕೆ ತಕ್ಕಡಿ ಬದಲಾಗಬಾರದು, ತೂಗುವುದು ತಪ್ಪಬಾರದು.

ತಕ್ಕಡಿಯನ್ನು ಬೇರೆಯವರ ಅಂಗಡಿಯಲ್ಲೇ ಬಿಟ್ಟುಬಂದರೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. ಗೂಗಲ್ ಕೋಡ್ ಎಂಬ ತಾಣದಲ್ಲಿ ಒಂದು ಕಾಲಕ್ಕೆ ಸಾವಿರಾರು ಪ್ರಾಜೆಕ್ಟ್ ಇದ್ದವು. 2015ರಲ್ಲಿ ಮುಚ್ಚುತ್ತೇವೆ ಎಂದರು, 2016ರ ಜನವರಿಗೆ ಮುಚ್ಚಿದರು. ಕೋಡ್ ಬೇರೆ ಕಡೆ ಸಾಗಿಸಿದರು, ಒಳ್ಳೆಯದೇ. ವೆಬ್ ಪುಟಕ್ಕೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿ 2023ರ ಜುಲೈ 1ಕ್ಕೆ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಮರುವರ್ಷ ಜುಲೈಗೆ ಹಳೆಯ ಲೆಕ್ಕವೂ ಕೈಗೆ ಸಿಗದಂತಾಯಿತು. ಮುಂಚೆಯೇ ಇಳಿಸಿಕೊಂಡವರ ಬಳಿ ಉಳಿಯಿತು. ದೊಡ್ಡ ಕಂಪನಿಗಳನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಪುಕ್ಕಟೆ ಜಾಗ ಕೊಟ್ಟಿದ್ದಾರೆ, ಅದಕ್ಕೆ ಋಣಿ. ನಮ್ಮ ಲೆಕ್ಕ ನಮ್ಮ ಹತ್ತಿರ ಇರಲಿ ಎಂದಷ್ಟೇ ಹೇಳುತ್ತಿದ್ದೇನೆ.

ಒಂದು ಮಾತು ಬಹಳ ಮುಖ್ಯ. ಎಣಿಸುವುದು ಬೇರೆ, ಜನರ ಹಿಂದೆ ಬೀಳುವುದು ಬೇರೆ. ಲೆಕ್ಕ ಬೇಕು ಎಂಬ ಆಸೆಯಲ್ಲಿ ತಂತ್ರಾಂಶದೊಳಗೇ ಗುಟ್ಟಾಗಿ ಏನಾದರೂ ಸೇರಿಸಿ, ಯಾರು ಏನು ಒತ್ತಿದರು ಎಂದು ಕಳಿಸಿಕೊಳ್ಳಲು ಹೋಗಬಾರದು. 2021ರಲ್ಲಿ ಆಡಾಸಿಟಿ ಎಂಬ ಹೆಸರಾದ ಆಡಿಯೊ ತಂತ್ರಾಂಶದವರು ಗೂಗಲ್ ಮತ್ತು ರಷ್ಯಾದ ಯಾಂಡೆಕ್ಸ್ ಮೂಲಕ ಬಳಕೆಯ ಲೆಕ್ಕ ತೆಗೆಯಲು ಹೊರಟರು. ಗುಟ್ಟಾಗಿ ಅಲ್ಲ, ಒಪ್ಪಿದವರದ್ದು ಮಾತ್ರ ಎಂದರೂ ಬಳಸುವವರು ತಿರುಗಿಬಿದ್ದರು, ಅವರು ಆ ಯೋಜನೆ ಕೈಬಿಡಬೇಕಾಯಿತು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯವರದ್ದು ಬೇರೆ ದಾರಿ, ಹೊರಗಿನ ಕಂಪನಿ ನಡುವೆ ಇಲ್ಲ. ಅಲ್ಲಿ ಪಾಪ್‌ಕಾನ್ ಎಂಬ ವ್ಯವಸ್ಥೆ ಬಹಳ ವರ್ಷದಿಂದ ಇದೆ. ಯಾವ ಪ್ಯಾಕೇಜ್ ಎಷ್ಟು ಕಡೆ ಇದೆ ಎಂದು ಎಣಿಸುತ್ತದೆ. ಆದರೆ ಮೊದಲು ಕೇಳುತ್ತದೆ. ಹೌದು ಎಂದವರ ಲೆಕ್ಕ ಮಾತ್ರ ಹೋಗುತ್ತದೆ. ನಾವು ಹಿಡಿಯಬೇಕಾದ ದಾರಿ ಅದು. 2023ರಲ್ಲಿ ನಮ್ಮ ದೇಶದಲ್ಲೂ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದಿದೆ. ಪ್ರಾಜೆಕ್ಟ್‌ಗೆ ಸ್ವಂತ ವೆಬ್ ಪುಟ ಇದ್ದರೆ ಬಂದವರನ್ನು ಎಣಿಸಲು ಮಟೊಮೊ ಅಥವಾ ಗೋಟ್‌ಕೌಂಟರ್ ಎಂಬ ತಂತ್ರಾಂಶ ಹಾಕಿಕೊಳ್ಳಬಹುದು. ಎರಡೂ ಓಪನ್ ಸೋರ್ಸ್, ಎರಡನ್ನೂ ನಮ್ಮದೇ ಸರ್ವರಿನಲ್ಲಿ ಓಡಿಸಬಹುದು. ಗೋಟ್‌ಕೌಂಟರ್ ಕುಕೀ (ನೋಡುವವರ ಕಂಪ್ಯೂಟರಿನಲ್ಲಿ ಇಡುವ ಗುರುತಿನ ಚೀಟಿ) ಇಲ್ಲದೆಯೇ ಎಣಿಸುತ್ತದೆ. ನನ್ನ ರಿಜಿಸ್ಟರಿನಲ್ಲಿ ಒಬ್ಬರ ಹೆಸರೂ ಇಲ್ಲ, ಒಂದು ಐಪಿ ವಿಳಾಸವೂ ಇಲ್ಲ. ಮಳೆಮಾಪಕಕ್ಕೆ ಯಾರ ಹೊಲದ ಮೇಲೆ ಮಳೆ ಬಿತ್ತು ಎಂಬುದು ಬೇಕಿಲ್ಲ.

ಈಗ ನಾನು ಕೇಳಲು ಬಂದದ್ದನ್ನು ಕೇಳುತ್ತೇನೆ.

ವಿಭಾಗದ ಮುಖ್ಯಸ್ಥರೇ, ಕೊನೆಯ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಕೆಲವಾದರೂ ನಿಜಕ್ಕೂ ಬಳಕೆಗೆ ಬರುವಂಥವು. ನಾನೇ ಕಂಡಿದ್ದೇನೆ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ನೋಡುವ ಆ್ಯಪ್, ಕನ್ನಡ ಕಾಗುಣಿತ ತಿದ್ದುವ ಸಾಧನ, ಹಳ್ಳಿ ಗ್ರಂಥಾಲಯಕ್ಕೆ ಪುಸ್ತಕದ ಪಟ್ಟಿ ಮಾಡುವ ತಂತ್ರಾಂಶ. ವೈವಾ ಮುಗಿಯುತ್ತದೆ, ರಿಪೋರ್ಟ್ ಬೈಂಡ್ ಆಗಿ ಕಪಾಟು ಸೇರುತ್ತದೆ, ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಆ ಕೋಡನ್ನು ಆಮೇಲೂ ಯಾರೋ ಹುಡುಕಿಕೊಂಡು ಬರುತ್ತಿರಬಹುದು. ಬರುತ್ತಿದ್ದಾರೆ ಎಂದು ತಿಳಿದರೆ ಮುಂದಿನ ವರ್ಷದ ಬ್ಯಾಚ್‌ಗೆ ಅದೇ ಪ್ರಾಜೆಕ್ಟನ್ನು ಮುಂದುವರಿಸಲು ಕೊಡಬಹುದು. ತಿಳಿಯದೇ ಇರುವುದರಿಂದ ಪ್ರತಿ ವರ್ಷ ಮತ್ತೆ ಮೊದಲಿಂದ ಹಾಜರಿ ತೆಗೆಯುವ ಆ್ಯಪ್ ಮಾಡಿಸುತ್ತೇವೆ.

ಹಾಗಾಗಿ ಪ್ರತಿ ವಿಭಾಗ ಒಂದು ರಿಜಿಸ್ಟರ್ ಇಡಲಿ. ವಿದ್ಯಾರ್ಥಿಗಳ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳು ವಿಭಾಗದ ಗಿಟ್‌ಹಬ್ ಖಾತೆಯ ಕೆಳಗೇ ಇರಲಿ, ಲೆಕ್ಕ ಓದುವ ಹಕ್ಕು ವಿಭಾಗಕ್ಕೆ ಇರಲಿ. ಪ್ರಾಜೆಕ್ಟ್ ಶುರುವಾದ ದಿನದಿಂದಲೇ ಬರೆಯಲಿ, ಮುಗಿದ ಮೇಲೆ ಅಲ್ಲ. ಲ್ಯಾಬ್‌ನಲ್ಲಿ ಬಳಸದೆ ಬಿಟ್ಟ ಯಾವುದಾದರೂ ಕಂಪ್ಯೂಟರ್ ಸಾಕು. ದಿನಕ್ಕೆ ಒಂದು ನಿಮಿಷದ ಕೆಲಸ ಅದಕ್ಕೆ. ಟೋಕನ್ ಅವಧಿ ಯಾವಾಗ ಮುಗಿಯುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ಹಾಕಿ, ಲ್ಯಾಬ್ ಸಹಾಯಕರಿಗೂ ಹೇಳಿಡಿ. ಸಿಎಸ್‌ವಿ ಫೈಲನ್ನು ಎಲ್ಲರಿಗೂ ಕಾಣುವಂತೆ ಇಡಿ. ಸಂಖ್ಯಾಶಾಸ್ತ್ರ ಕಲಿಸುವ ಮೇಷ್ಟ್ರಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸದ ಡೇಟಾ ಸಿಗುವುದಿಲ್ಲ. ಅಲ್ಲಿ ರಜೆ ಕಾಣುತ್ತದೆ, ಪರೀಕ್ಷೆ ಕಾಣುತ್ತದೆ, ತುಂಡಾದ ಜಾಗ ಕಾಣುತ್ತದೆ.

ನೆರವು ಕೊಡುವ ಸಮಿತಿಯವರೇ, ನೀವು ಪ್ರಶ್ನೆ ಕೇಳುವುದನ್ನು ಬಿಡಬೇಡಿ. ಆದರೆ ಅರ್ಜಿಯ ಫಾರಂನಲ್ಲೇ ಒಂದು ಸಾಲು ಸೇರಿಸಿ: ಇವತ್ತಿನಿಂದ ಲೆಕ್ಕ ಬರೆದಿಡಿ, ಆರು ತಿಂಗಳ ಮೇಲೆ ಕೇಳುತ್ತೇವೆ. ಮೊದಲ ಸಲ ಬಂದವರ ಬಳಿ ಹಳೆಯ ಲೆಕ್ಕ ಇಲ್ಲದಿದ್ದರೆ ಅವರನ್ನು ಹಾಗೇ ಕಳಿಸಬೇಡಿ. 14 ದಿನದ ಗೆರೆ ಯಾವ ತಿಂಗಳದ್ದು ಎಂದು ಕೇಳಿ. ಬಳಸುವವರು ಯಾರು, ಅವರ ಕೆಲಸ ಯಾವ ಕಾಲದಲ್ಲಿ ಜೋರು ಎಂದು ಕೇಳಿ. ಸಾಧ್ಯವಾದರೆ ಒಬ್ಬ ಬಳಕೆದಾರರ ಅಂಗಡಿಗೆ ಹೋಗಿ ನೋಡಿ ಬನ್ನಿ. 2024ರಲ್ಲಿ ಷೇರು ವ್ಯವಹಾರದ ಕಂಪನಿ ಝೆರೋಧಾದವರು ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ಫ್ಲಾಸ್ ಫಂಡ್ ಶುರು ಮಾಡಿದ್ದಾರೆ. ಇಂಥ ಬಾಗಿಲುಗಳು ತೆರೆಯುತ್ತಿವೆ. ನಮ್ಮ ಭಾಗದ ಹುಡುಗ ಹುಡುಗಿಯರು ಅಲ್ಲಿಗೆ ಹೋದಾಗ ಕೈಯಲ್ಲಿ ಲೆಕ್ಕ ಇರಬೇಕು ಎಂಬುದು ನನ್ನ ಆಸೆ.

ನನ್ನ ಸ್ಕ್ರಿಪ್ಟ್ ಪೈಥಾನ್‌ನಲ್ಲಿದೆ, ಸುಮಾರು 60 ಸಾಲು. ಕನ್ನಡದಲ್ಲೇ ವಿವರಣೆ ಬರೆದಿದ್ದೇನೆ. ಎಂಐಟಿ ಲೈಸೆನ್ಸ್, ಯಾರು ಬೇಕಾದರೂ ತೆಗೆದುಕೊಂಡು ಬದಲಿಸಿಕೊಳ್ಳಬಹುದು. ಹಾಕಿಕೊಡಲು ಬೇಕಾದರೆ ಭಾನುವಾರ ಕರೆಯಿರಿ. ಧಾರವಾಡಕ್ಕೆ ಚಿಗರಿ ಬಸ್ ಹತ್ತಿ ಬರುತ್ತೇನೆ, ಗದಗ, ಹಾವೇರಿಗೆ ರೈಲಿದೆ. ಎರಡು ಗಂಟೆಯ ಕೆಲಸ. ಬರುವ ಭಾನುವಾರಕ್ಕೇ ಆದರೆ ಇನ್ನೂ ಒಳ್ಳೆಯದು, ಹಿಂದಿನ 14 ದಿನದ್ದೂ ಸೇರಿಸಿಕೊಳ್ಳಬಹುದು.

ಇಂತಿ ನಿಮ್ಮವ,
ಒಬ್ಬ ಪ್ರೋಗ್ರಾಮರ್
ವಿದ್ಯಾನಗರ, ಹುಬ್ಬಳ್ಳಿ